ದೆಹಲಿಗೆ ಬಂದ ಮೆಕ್ಕೆಕಟ್ಟಿನ ಉರುಗಳು

ಪುರಾನಾ ಕಿಲಾದ ಎದುರಿಗೆ ಭೈರೋನ್ ಮಾರ್ಗದಲ್ಲಿರುವ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯವನ್ನು ದೆಹಲಿಯ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಒಮ್ಮೆಯಾದರೂ ನೋಡಿರುತ್ತವೆ. ಊರಿನಿಂದ ಬಂದ ನೆಂಟರಿಗೆ ಕೆಂಪುಕೋಟೆ, ಕುತುಬ್ ಮಿನಾರ್ ತೋರಿಸಿ ಮುಗಿದ ಮೇಲೆ ಉಳಿದ ಒಂದು ಮಧ್ಯಾಹ್ನವನ್ನು ಕಳೆಯಲು ಅದಕ್ಕಿಂತ ತಂಪಾದ ಜಾಗ ಬೇರೆಯಿಲ್ಲ. ಅಂಗಳದ ಮಣ್ಣಿನ ಕುದುರೆಗಳನ್ನು ನೋಡುತ್ತೇವೆ, ಕುಶಲಕರ್ಮಿಗಳೊಡನೆ ಹರಕುಮುರುಕು ಹಿಂದಿಯಲ್ಲಿ ಚೌಕಾಸಿ ಮಾಡುತ್ತೇವೆ, ಮನೆಗೆ ಮರಳುತ್ತೇವೆ. ಆದರೆ ಆ ಸಂಗ್ರಹದ ಅತ್ಯಂತ ಬೆಲೆಯುಳ್ಳ ವಸ್ತುಗಳಲ್ಲಿ ಒಂದು ಗುಂಪು ನಮ್ಮ ಉಡುಪಿ ಸೀಮೆಯಿಂದಲೇ ಬಂದದ್ದು ಎಂಬುದನ್ನು ಅರಿತವರು ನಮ್ಮಲ್ಲಿ ಕಡಿಮೆ. ಆಳೆತ್ತರದ, ಕೆಲವು ಆಳನ್ನೂ ಮೀರಿದ, ಹಲಸಿನ ಮರದಲ್ಲಿ ಕಡೆದ ಆ ದೈವಗಳ ಮೂರ್ತಿಗಳು ಮೆಕ್ಕೆಕಟ್ಟಿನವು.

ಈ ಮೂರ್ತಿಗಳ ಹುಟ್ಟು, ಅವು ಊರು ಬಿಟ್ಟ ಬಗೆ, ಮತ್ತು ಇಂಥ ಹಳೆಯ ಮರದ ಮೂರ್ತಿ ನಮ್ಮ ಕೈಗೇ ಬಂದರೆ ಮಾಡಬೇಕಾದದ್ದೇನು ಎಂಬುದನ್ನು ಇಲ್ಲಿ ಒಂದೆಡೆ ಕೂಡಿಸಿದ್ದೇವೆ. ಕೊನೆಯ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ಕರಾವಳಿಯ ಹಳೆಯ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿರುವ ಈ ಕಾಲದಲ್ಲಿ ದ್ವಾರಕಾ, ನೋಯಿಡಾ, ಗುರುಗ್ರಾಮಗಳ ಫ್ಲಾಟುಗಳಲ್ಲಿ ಕುಳಿತವರಿಗೂ ಅದು ಎದುರಾಗುತ್ತಿದೆ.

ಉರು ಎಂದರೇನು

ಮೆಕ್ಕೆಕಟ್ಟು ಇರುವುದು ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲ್ಲೂಕಿನ ಶಿರಿಯಾರ ಗ್ರಾಮದಲ್ಲಿ. ತುಳು ಮಾತಿನ ಸೀಮೆ ಮುಗಿದು ಕುಂದಾಪುರ ಕನ್ನಡದ ಸೀಮೆ ತೊಡಗುವ ಭಾಗವಿದು. ಅಲ್ಲಿಯ ನಂದಿಕೇಶ್ವರ ದೇವಸ್ಥಾನದಲ್ಲಿ ನಂದಿಕೇಶ್ವರನ ಜೊತೆಗೆ ಪರಿವಾರದ ದೈವಗಳು ಸಾಲುಸಾಲಾಗಿ ಮರದ ರೂಪ ತಾಳಿ ನಿಂತಿವೆ. ಈ ರೂಪಗಳಿಗೆ ಆ ಕಡೆಯ ಜನ ಹೇಳುವ ಹೆಸರು ‘ಉರು’. ಕೆಂಪು, ಹಳದಿ, ಕಪ್ಪು, ಬಿಳಿ ಬಣ್ಣಗಳು, ಹೊರಚಾಚಿದ ದುಂಡು ಕಣ್ಣು, ಹುರಿಮೀಸೆ, ಕೈಯಲ್ಲಿ ಆಯುಧ. ವಾಹನವೇರಿದವರಿದ್ದಾರೆ, ಹೆಂಗಸರಿದ್ದಾರೆ, ಬರಿದೆ ಕಾವಲಿಗೆ ನಿಂತ ಬಂಟರೂ ಇದ್ದಾರೆ. ಒಟ್ಟಾಗಿ ನೋಡಿದರೆ ಒಂದು ಅರಮನೆಯ ಒಡ್ಡೋಲಗವೇ ಮರವಾಗಿ ನಿಂತಂತೆ ತೋರುತ್ತದೆ.

ಕರಾವಳಿಯ ಎಲ್ಲ ದೈವಸ್ಥಾನಗಳಲ್ಲಿಯೂ ಹೀಗಿರುವುದಿಲ್ಲ. ಬಹಳ ಕಡೆ ದೈವದ ಇರುವಿಕೆಗೆ ಒಂದು ಕಲ್ಲು ಸಾಕು, ಇಲ್ಲವೆ ಒಂದು ಮಂಚ, ಲೋಹದ ಮೊಗ, ಖಡ್ಗ, ಗಂಟೆಗಳ ಭಂಡಾರ. ಕೋಟಿ ಚೆನ್ನಯರ ಗರಡಿಗಳಲ್ಲಿ ಮರದ ಮೂರ್ತಿಗಳು ಕಾಣಸಿಗುತ್ತವೆ. ಪಂಜುರ್ಲಿ ಹಂದಿಯ ಮೊಗದಿಂದ, ಪಿಲಿಚಾಮುಂಡಿ ಹುಲಿಯಿಂದ, ಮೈಸಂದಾಯ ಕೋಣನಿಂದ ಗುರುತಾಗುತ್ತವೆ. ಮೀಸೆಯೂ ಮೊಲೆಯೂ ಒಂದೇ ದೇಹದಲ್ಲಿ ಕಂಡರೆ ಅದು ಜುಮಾದಿ. ಕಡಲ ಮಕ್ಕಳ ದೈವವಾದ ಬೊಬ್ಬರ್ಯ, ಕುಂದಾಪುರ ಸೀಮೆಯ ಹಾಯ್ಗುಳಿ, ಚಿಕ್ಕು ಮೊದಲಾದವರೂ ಉಂಟು. ಮೆಕ್ಕೆಕಟ್ಟಿನ ಹಿರಿಮೆಯಿರುವುದು ಇಂತಹ ಪರಿವಾರವನ್ನು ಇಷ್ಟು ದೊಡ್ಡ ಅಳತೆಯಲ್ಲಿ, ಇಷ್ಟು ಸಂಖ್ಯೆಯಲ್ಲಿ ಒಂದೇ ಸೂರಿನಡಿ ಕಡೆದು ನಿಲ್ಲಿಸಿದ್ದರಲ್ಲಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಸ್ತುಸಂಗ್ರಹಾಲಯಗಳೂ ವಿದ್ವಾಂಸರೂ ಇವುಗಳನ್ನು ‘ಭೂತ’ ಶಿಲ್ಪಗಳೆಂದೇ ಕರೆಯುವುದು ರೂಢಿ. ನಮ್ಮ ಕಡೆ ಭೂತವೆಂದರೆ ಆರಾಧನೆಗೆ ಅರ್ಹವಾದ ಶಕ್ತಿ. ದೆಹಲಿಯ ಹಿಂದಿಯಲ್ಲಿ ಅದು ದೆವ್ವ. ಶಾಲೆಯ ಮಕ್ಕಳ ತಂಡವೊಂದು ಈ ಮೂರ್ತಿಗಳ ಮುಂದೆ ನಿಂತು ಫಲಕ ಓದಿ, ‘ಭೂತ್, ಭೂತ್’ ಎಂದು ಕಿರುಚಿ ನಗುತ್ತಾ ಓಡಿದ್ದನ್ನು ನಾವು ಕಂಡಿದ್ದೇವೆ. ಮಕ್ಕಳ ತಪ್ಪೇನೂ ಇಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾದಾಗ ಅವುಗಳಿಗೆ ಕೊಟ್ಟ ಶೀರ್ಷಿಕೆಯೇ ತುಳುವರ ಪಿಶಾಚಾರಾಧನೆ ಎಂಬ ಅರ್ಥದ್ದಾಗಿತ್ತು. ಆ ಸಂಗ್ರಹದ ಉಪಕಾರವನ್ನು ಮರೆಯುವಂತಿಲ್ಲ, ಆ ಶೀರ್ಷಿಕೆಯನ್ನು ಒಪ್ಪುವಂತೆಯೂ ಇಲ್ಲ. ಯು. ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ದಂಪತಿಗಳ 1984ರ ಇಂಗ್ಲಿಷ್ ಗ್ರಂಥ, ಕೆ. ಚಿನ್ನಪ್ಪ ಗೌಡರ ‘ಭೂತಾರಾಧನೆ’ ಮುಂತಾದ ಅಧ್ಯಯನಗಳು ಬಂದ ಮೇಲೆ ವಿದ್ವತ್ತಿನ ದೃಷ್ಟಿ ತಿದ್ದಿಕೊಂಡಿತು. ಜನಸಾಮಾನ್ಯರ ದೃಷ್ಟಿ ತಿರುಗಲು 2022ರ ‘ಕಾಂತಾರ’ ಚಲನಚಿತ್ರವೇ ಬರಬೇಕಾಯಿತು. ಅದು ತೆರೆಕಂಡ ಮೇಲೆ ದೆಹಲಿಯ ಕಚೇರಿಗಳಲ್ಲಿಯೂ ಪಂಜುರ್ಲಿ ಯಾರೆಂದು ಕೇಳುವವರು ಹುಟ್ಟಿಕೊಂಡರು. ಮನೆಯಲ್ಲಿ ನಾವು ‘ದೈವ’ ಎಂದೇ ಹೇಳಿಕೊಡುವುದು ಲೇಸು.

ಕೆತ್ತನೆಯ ಕೆಲಸ

ಉರುಗಳಿಗೆ ಹಲಸನ್ನು ಆರಿಸುವುದಕ್ಕೆ ಕಾರಣಗಳುಂಟು. ಹಲಸು ಹಾಲು ಸುರಿಸುವ ಮರ, ಆದ್ದರಿಂದ ಪವಿತ್ರವೆಂಬ ಭಾವನೆ ಒಂದು. ಅದರ ಹಳದಿಯ ತಿರುಳು ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಉಳಿಗೆ ಮಾತ್ರ ಚೆನ್ನಾಗಿ ಬಗ್ಗುತ್ತದೆ ಎಂಬ ಅನುಭವ ಇನ್ನೊಂದು. ಮನೆಯ ಹಿತ್ತಿಲಲ್ಲಿಯೇ ಆಳು ತಬ್ಬಲಾಗದಷ್ಟು ದಪ್ಪದ ಬೊಡ್ಡೆ ಸಿಗುತ್ತಿತ್ತೆಂಬುದೂ ಸಣ್ಣ ಕಾರಣವೇನಲ್ಲ. ದೊಡ್ಡ ಮೂರ್ತಿಗಳಲ್ಲಿ ಮುಂಡವನ್ನು ಒಂದೇ ತುಂಡಿನಲ್ಲಿ ಕಡೆದು, ಚಾಚಿದ ಕೈಗಳನ್ನು ಬೇರೆಯಾಗಿ ಮಾಡಿ ಕೂಡಿಸುವುದುಂಟು. ಹಳೆಯ ಮೂರ್ತಿಗಳಲ್ಲಿ ಮೊದಲು ಕಳಚಿ ಕಾಣೆಯಾಗುವುದೂ ಈ ಕೈಗಳೇ. ಬಣ್ಣ ಮಾಸಿದಾಗ ಮತ್ತೆ ಬಳಿಯುವುದು ಸೇವೆಯ ಭಾಗ. ಆದ್ದರಿಂದ ಹಳೆಯ ಉರುವಿನ ಮೇಲೆ ಒಂದರ ಮೇಲೊಂದು ಬಣ್ಣದ ಪದರಗಳಿರುವುದು ಸಹಜ, ಮೇಲಿನದು ಪೇಟೆಯ ಎನಾಮಲ್ ಬಣ್ಣವಾಗಿರುವುದೂ ಸಹಜ. ಅದನ್ನು ಕಂಡು ಮೂರ್ತಿ ಹೊಸದೆಂದು ತೀರ್ಮಾನಿಸಬಾರದು.

ಕಡೆದವರ ಹೆಸರು ಉರುವಿನ ಮೇಲೆ ಇರುವುದಿಲ್ಲ. ಆದರೆ ಈ ನಾಡಿನಲ್ಲಿ ಶಿಲ್ಪಿಯೇ ದೈವವಾದ ಕಥೆಯೊಂದುಂಟು. ಕಾರ್ಕಳದ ಗೊಮ್ಮಟನನ್ನು ಕಡೆದವನು ಬೀರ ಕಲ್ಕುಡ. ಅಂಥದೇ ಇನ್ನೊಂದನ್ನು ಬೇರೆಲ್ಲಿಯೂ ಕಡೆಯದಿರಲೆಂದು ಅರಸನು ಅವನ ಕೈಕಾಲು ಕಡಿಸಿದನೆಂದೂ, ಅವನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ನ್ಯಾಯ ಕೇಳಿದರೆಂದೂ ಪಾಡ್ದನ ಹೇಳುತ್ತದೆ. ಗೊಮ್ಮಟನ ಪ್ರತಿಷ್ಠೆಯಾದದ್ದು 1432ರಲ್ಲಿ, ಪ್ರತಿಷ್ಠೆ ಮಾಡಿಸಿದ ಅರಸನ ಹೆಸರು ಶಾಸನದಲ್ಲಿದೆ. ಕಡೆದವನನ್ನು ನೆನಪಿಟ್ಟುಕೊಂಡದ್ದು ಜನರ ಬಾಯಿ.

ಊರು ಬಿಟ್ಟು ದೆಹಲಿಗೆ

1960ರ ದಶಕದಲ್ಲಿ ಮೆಕ್ಕೆಕಟ್ಟಿನ ದೇವಸ್ಥಾನ ಜೀರ್ಣೋದ್ಧಾರಗೊಂಡು ಹಳೆಯ ಉರುಗಳ ಸ್ಥಾನದಲ್ಲಿ ಹೊಸ ಉರುಗಳು ನಿಂತವು. ತೆಗೆದಿಟ್ಟ ಹಳೆಯವುಗಳಲ್ಲಿ ಹಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯವನ್ನು ಸೇರಿದವು. ಈ ಸಂಗ್ರಹಾಲಯ 1956ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಆಶ್ರಯದಲ್ಲಿ ಹುಟ್ಟಿದ್ದು. ಆ ಮಂಡಳಿಯನ್ನು 1952ರಲ್ಲಿ ಅದು ಸ್ಥಾಪನೆಯಾದಂದಿನಿಂದ ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ದೆಹಲಿಯಲ್ಲಿ ಕರಾವಳಿಯವರ ಕೊಡುಗೆ ಎಂದೊಡನೆ ಉಪಾಹಾರ ಗೃಹಗಳನ್ನು ನೆನೆಯುವ ನಾವು ಈ ಹೆಸರನ್ನೂ ನೆನೆಯಬೇಕು. ಮುಂದೆ ಚಾರ್ಲ್ಸ್ ಕೊರಿಯಾ ರೂಪಿಸಿದ, ಹಳ್ಳಿಯ ಓಣಿ ಅಂಗಳಗಳಂತೆ ಒಂದರೊಳಗೊಂದು ತೆರೆದುಕೊಳ್ಳುವ ಈಗಿನ ಕಟ್ಟಡದಲ್ಲಿ, ಜ್ಯೋತೀಂದ್ರ ಜೈನ್ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಈ ದೈವಗಳಿಗೆ ದೇಶವಿದೇಶಗಳ ನೋಡುಗರು ದೊರೆತರು.

ದೈವವನ್ನು ಸ್ಥಾನದಿಂದ ಎಬ್ಬಿಸಿ ಪ್ರದರ್ಶನಕ್ಕಿಟ್ಟದ್ದು ಸರಿಯೆ? ಸಂಘದ ಹಿರಿಯರು ನಮ್ಮನ್ನು ಹೀಗೆ ಕೇಳಿದ್ದುಂಟು. ನಮ್ಮ ದೇವಾಲಯ ಪದ್ಧತಿಯೇ ಇದಕ್ಕೊಂದು ದಾರಿ ತೋರಿಸಿದೆ. ಬಿಂಬ ಜೀರ್ಣವಾದಾಗ ತಂತ್ರಿಗಳು ಅದರಲ್ಲಿರುವ ಕಳೆಯನ್ನು ಸಂಕೋಚಗೊಳಿಸಿ ಕಲಶಕ್ಕೆ ಇಳಿಸುತ್ತಾರೆ, ಬಾಲಾಲಯದಲ್ಲಿಟ್ಟು ಪೂಜಿಸುತ್ತಾರೆ, ಹೊಸ ಬಿಂಬ ಸಿದ್ಧವಾದ ಮೇಲೆ ಅದಕ್ಕೆ ತುಂಬುತ್ತಾರೆ. ಹಳೆಯ ಬಿಂಬವನ್ನು ನೀರಿಗೆ ಬಿಡುವುದು ವಾಡಿಕೆ. ಪುರಿಯಲ್ಲಿ ಇದು ಲೋಕಪ್ರಸಿದ್ಧ. ಅಧಿಕ ಆಷಾಢ ಬಂದ ವರ್ಷ ಬೇವಿನ ಹೊಸ ದಾರುವಿನಲ್ಲಿ ಜಗನ್ನಾಥನ ಪರಿವಾರವನ್ನು ಕಡೆದು, ಬ್ರಹ್ಮಪದಾರ್ಥವನ್ನು ಅದರೊಳಗಿಟ್ಟು, ಹಳೆಯ ಮೂರ್ತಿಗಳನ್ನು ಕೋಯಿಲಿ ವೈಕುಂಠದಲ್ಲಿ ಹೂಳುತ್ತಾರೆ. 1996ರಲ್ಲಿ ಮತ್ತು 2015ರಲ್ಲಿ ಹೀಗೆ ನಡೆಯಿತು. ಮರಕ್ಕೆ ಆಯುಸ್ಸುಂಟು, ದೈವಕ್ಕಿಲ್ಲ ಎಂಬುದು ಈ ವಿಧಿಗಳ ತಿಳಿವಳಿಕೆ.

ಆದುದರಿಂದ ಸ್ಥಾನದವರೆಲ್ಲರ ಒಪ್ಪಿಗೆಯಿಂದ, ವಿಧಿ ಮುಗಿಸಿ ಕೆಳಗಿಳಿಸಿದ ಉರುವನ್ನು ಕಾಪಾಡಿ ಇಡುವುದರಲ್ಲಿ ದೋಷವಿಲ್ಲವೆಂಬುದು ನಮ್ಮ ಅಭಿಪ್ರಾಯ. ನದಿಯ ಪಾಲಾಗುತ್ತಿದ್ದುದು ನಾಲ್ಕು ಜನ ನೋಡುವಂತೆ ಉಳಿಯಿತು. ನಮ್ಮನ್ನು ಬಾಧಿಸುವ ಸಂಗತಿ ಬೇರೆ. ಉರುವೊಂದು ಊರಿನಲ್ಲಿದ್ದಾಗ ಅದರ ಹೆಸರು, ಅದರ ಹರಕೆ, ಅದನ್ನು ಮಾಡಿಸಿದ ಮನೆತನ, ಅದರ ಮುಂದೆ ನಡೆದ ಕೆಂಡಸೇವೆ ಎಲ್ಲವೂ ಸುತ್ತಲಿನವರ ಬಾಯಲ್ಲಿ ಇರುತ್ತವೆ. ಲಾರಿ ಹತ್ತಿದ ದಿನ ಇವೆಲ್ಲ ಊರಿನಲ್ಲಿಯೇ ಉಳಿಯುತ್ತವೆ. ಲೋಕದ ಯಾವ ವಸ್ತುಸಂಗ್ರಹಾಲಯದ ಫಲಕವನ್ನು ತೆಗೆದುಕೊಂಡರೂ ಅದರಲ್ಲಿ ಹಿಡಿಸುವುದು ಮರದ ಜಾತಿ, ಪ್ರದೇಶ, ಶತಮಾನ ಇಷ್ಟೇ.

ಹೊಟ್ಟೆಯೊಳಗಿನ ಕಾಗದ

ಈ ವಿಷಯದಲ್ಲಿ ಚೀನೀಯರ ಒಂದು ಪದ್ಧತಿ ನಮ್ಮನ್ನು ಬೆರಗುಗೊಳಿಸಿತು. ಅಲ್ಲಿಯ ಜನಪದ ಧರ್ಮದಲ್ಲಿಯೂ ಮರದ ದೇವತಾಮೂರ್ತಿಗಳಿಗೆ ದೊಡ್ಡ ಸ್ಥಾನವಿದೆ. ಕಡಲಿನವರನ್ನು ಕಾಯುವ ಮಾತೆ ಮಾಜು, ಶೂರನಾಗಿ ಬಾಳಿ ದೇವನಾದ ಗುವಾನ್ ಯು, ಊರುಕಾಯುವ ಭೂದೇವತೆ, ಇವರೆಲ್ಲ ನಮ್ಮ ಬೊಬ್ಬರ್ಯನಿಗೂ ಕೋಟಿ ಚೆನ್ನಯರಿಗೂ ದೂರದ ನೆಂಟರಂತೆ ತೋರುತ್ತಾರೆ. ಕೋಲ್ಕತ್ತದ ಚೀನೀ ಗುಡಿಗಳಲ್ಲಿ ಗುವಾನ್ ಯುವನ್ನು ನಮ್ಮವರೂ ಕಾಣಬಹುದು. ಕಡೆದ ಮೂರ್ತಿ ದೇವರಾಗುವುದು ‘ಕಾಯ್‌ಗುವಾಂಗ್’ ಎಂಬ ವಿಧಿಯಿಂದ. ‘ಬೆಳಕು ತೆರೆಯುವುದು’ ಎಂದು ಆ ಮಾತಿನ ಅರ್ಥ. ಪುರೋಹಿತನು ಕುಂಚದಿಂದ ಮೂರ್ತಿಯ ಕಣ್ಣಿಗೆ ಬೊಟ್ಟಿಡುತ್ತಾನೆ. ನಮ್ಮಲ್ಲಿ ಶಿಲ್ಪಿ ಕೊನೆಗೆ ದೃಷ್ಟಿ ತೆರೆಯುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಹುನಾನ್ ಪ್ರಾಂತದ ಮನೆಮೂರ್ತಿಗಳಲ್ಲಿ ಇನ್ನೂ ಒಂದು ವಿಶೇಷವಿದೆ. ಸುಮಾರು ಒಂದು ಗೇಣೆತ್ತರದ ಈ ಮೂರ್ತಿಗಳ ಬೆನ್ನಿನಲ್ಲಿ ಒಂದು ಪೊಳ್ಳು ಕೊರೆದು, ಅದರಲ್ಲಿ ಗಿಡಮೂಲಿಕೆಗಳೊಂದಿಗೆ ಒಂದು ಕಾಗದವನ್ನು ಮಡಿಸಿಟ್ಟು, ಮರದ ಮುಚ್ಚಳ ಹಾಕುತ್ತಾರೆ. ಮೂರ್ತಿ ಮಾಡಿಸಿದವನ ಹೆಸರು, ಅವನ ಊರು, ಮೂರ್ತಿ ಯಾರದು, ಮಾಡಿಸಿದ್ದೇಕೆ, ಎಂದು ಮಾಡಿಸಿದ್ದು, ಹಲವು ಬಾರಿ ಕಡೆದವನ ಹೆಸರು, ಇಷ್ಟೂ ಆ ಕಾಗದದಲ್ಲಿ ಇರುತ್ತದೆ. ಕಾರಣಗಳೂ ನಮಗೆ ಪರಿಚಿತವೇ: ಕಾಯಿಲೆ ವಾಸಿಯಾಗಲಿ, ಮಕ್ಕಳಾಗಲಿ, ದನಕರು ಸುಖವಾಗಿರಲಿ. ತಮ್ಮ ಹಿರಿಯರನ್ನೇ ಕಡೆಸಿ ಪೂಜೆಗಿಟ್ಟವರೂ ಇದ್ದಾರೆ. 1966ರಿಂದ 1976ರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಚೀನಾದಲ್ಲಿ ಗುಡಿಗಳೂ ಮೂರ್ತಿಗಳೂ ಅಪಾರವಾಗಿ ನಾಶವಾದವು. ಉಳಿದವುಗಳಲ್ಲಿ ಬಹಳಷ್ಟು ಆಮೇಲೆ ಹಳೆವಸ್ತುಗಳ ಪೇಟೆಗೆ ಬಂದವು. ಹಾಗೆ ಚದುರಿದ ಮೂರ್ತಿಗಳಲ್ಲಿ ಸಾವಿರಾರನ್ನು ಫ್ರಾನ್ಸಿನ ಅಲೆನ್ ಆರೊ ಮೊದಲಾದ ವಿದ್ವಾಂಸರು ಪಟ್ಟಿ ಮಾಡಿ, ಯಾವುದು ಯಾವ ಹಳ್ಳಿಯ ಯಾರ ಮನೆಯದೆಂದು ತಿಳಿಯಲು ಸಾಧ್ಯವಾದದ್ದು ಈ ಹೊಟ್ಟೆಯೊಳಗಿನ ಕಾಗದದಿಂದ.

ನಮ್ಮ ಉರುವಿನ ಹೊಟ್ಟೆಯಲ್ಲಿ ಕಾಗದವಿಲ್ಲ. ನಮ್ಮದು ಪಾಡ್ದನದ ನಾಡು, ನುಡಿಯ ನಾಡು. ದೈವವೇ ಪಾತ್ರಿಯ ಬಾಯಲ್ಲಿ ಮಾತನಾಡುವಾಗ ಕಾಗದವೇಕೆ ಎಂದು ಹಿರಿಯರು ಎಣಿಸಿರಬೇಕು. ಊರಿನಲ್ಲಿದ್ದಷ್ಟು ಕಾಲ ಅದು ಸರಿಯೇ ಆಗಿತ್ತು.

ಕೊಳ್ಳುವವರಿಗೆ, ಇಟ್ಟುಕೊಂಡವರಿಗೆ

ದೆಹಲಿಯಲ್ಲಿ ಸುಂದರ್ ನಗರದಂತಹ ಮಾರುಕಟ್ಟೆಗಳಲ್ಲಿ ಹಳೆವಸ್ತುಗಳ ವ್ಯಾಪಾರ ಬಹುಕಾಲದಿಂದ ನಡೆದಿದೆ. ರಾಜಧಾನಿ ಪ್ರದೇಶದ ಪೀಠೋಪಕರಣದ ಪೇಟೆಗಳಲ್ಲಿಯೂ ‘ದಕ್ಷಿಣದ ಪುರಾತನ ದೇವರು’ ಎಂದು ಮರದ ಮೂರ್ತಿಗಳನ್ನು ತೋರಿಸುವವರು ಸಿಗುತ್ತಾರೆ. ಒಮ್ಮೆ ಅಂಗಡಿಯೊಂದರಲ್ಲಿ ನಮಗೆ ಇನ್ನೂರು ವರ್ಷ ಹಳೆಯದೆಂದು ಪಂಜುರ್ಲಿಯೊಂದನ್ನು ತೋರಿಸಿದರು. ಬೆನ್ನು ತಿರುಗಿಸಿ ನೋಡಿದರೆ ಯಂತ್ರದ ಗರಗಸದ ಗೆರೆ ಹೊಚ್ಚಹೊಸದಾಗಿ ಮಿರುಗುತ್ತಿತ್ತು. ಮೂರ್ತಿಯ ಮುಖವನ್ನು ಎಷ್ಟು ಬೇಕಾದರೂ ಹಳತು ಮಾಡಬಹುದು, ಬೆನ್ನು ಮತ್ತು ತಳವನ್ನು ಮಾಡುವ ತಾಳ್ಮೆ ಕಡಿಮೆ ಜನರಿಗಿರುತ್ತದೆ. ಹಳೆಯ ಕೆಲಸದಲ್ಲಿ ಬಾಚಿ ಉಳಿಗಳ ಏರುಪೇರಿನ ಗುರುತಿರುತ್ತದೆ. ನೆಲಕ್ಕೆ ತಾಗಿದ ಭಾಗ ತಾನಾಗಿ ಸವೆದಿರುತ್ತದೆ.

ಹೊಸದಾದರೆ ಹಣ ಹೋಯಿತು, ಅಷ್ಟೆ. ನಿಜವಾಗಿ ಹಳೆಯದಾದರೆ ಕಾನೂನು ಬರುತ್ತದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮ 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಅದರಂತೆ 100 ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ ಪುರಾವಸ್ತು. ಮರದ ಶಿಲ್ಪವನ್ನೂ ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಒಡೆತನ ಬದಲಾದರೆ ತಿಳಿಸಬೇಕು. ಮಾರುವವನಿಗೆ ಪರವಾನಗಿ ಇರಬೇಕು. ಖಾಸಗಿ ವ್ಯಕ್ತಿಗಳು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಮೀರಿದವರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ. ಅಮೆರಿಕದಲ್ಲಿರುವ ಮಗನ ಗೃಹಪ್ರವೇಶಕ್ಕೆಂದು ಅಜ್ಜನ ಮನೆಯ ಹಳೆಯ ಮೂರ್ತಿಯನ್ನು ಸೂಟ್‌ಕೇಸಿನಲ್ಲಿಡುವ ತಾಯಂದಿರು ಇದನ್ನು ಗಮನಿಸಬೇಕು. ಸಂದೇಹವಿದ್ದರೆ ತಿಲಕ್ ಮಾರ್ಗದಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕೇಂದ್ರ ಕಚೇರಿಯಲ್ಲಿ ವಿಚಾರಿಸಬಹುದು.

ಕೊಳ್ಳುವವರಿಗಿಂತ ಹೆಚ್ಚು ಇಕ್ಕಟ್ಟಿನಲ್ಲಿರುವವರು, ಊರಿನ ಮನೆ ಮಾರಿದಾಗ ಪಾಲಿಗೆ ಬಂದ ಮೊಗವನ್ನೋ ಮೂರ್ತಿಯನ್ನೋ ದೆಹಲಿಗೆ ತಂದವರು. ಆರಾಧನೆ ನಿಲ್ಲಿಸಿ ತಂದದ್ದಾದರೆ, ಕಳೆಯನ್ನು ವಿಧಿವತ್ತಾಗಿ ಇಳಿಸಿತ್ತೇ ಎಂದು ಊರಿನ ತಂತ್ರಿಗಳನ್ನೂ ಕುಟುಂಬದ ಹಿರಿಯರನ್ನೂ ಕೇಳುವುದು ಮೊದಲ ಕೆಲಸ. ಇಳಿಸಿಲ್ಲವೆಂದಾದರೆ ಅದು ಬೈಠಕ್‌ಖಾನೆಯ ಅಲಂಕಾರವಾಗಲಾರದು. ಹತ್ತಿರದ ದೈವಸ್ಥಾನವೊಂದು ಒಪ್ಪಿದರೆ ಅಲ್ಲಿಗೆ ಮರಳಿಸುವುದೇ ಉತ್ತಮ. ಇದಕ್ಕೆ ದಾಕ್ಷಿಣ್ಯ ಬೇಡ.

ಇಟ್ಟುಕೊಳ್ಳುವವರು ಹವೆಯ ಕಡೆ ಗಮನ ಕೊಡಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯ ತೇವದಲ್ಲಿ ಬಾಳಿದ ಮರಕ್ಕೆ, ಅದರ ಐದನೆಯ ಒಂದು ಪಾಲಿನಷ್ಟೂ ಮಳೆ ಕಾಣದ ವರ್ಷಗಳಿರುವ ದೆಹಲಿಯ ಲೂ ಗಾಳಿ ಕಠಿಣ ಶಿಕ್ಷೆ. ಮರ ಬಿರಿಯುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಏಸಿಯ ಗಾಳಿ ನೇರವಾಗಿ ಬೀಳುವಲ್ಲಿ, ಚಳಿಗಾಲದ ಹೀಟರಿನ ಪಕ್ಕದಲ್ಲಿ, ಬಿಸಿಲಿನ ಕಿಟಕಿಯಲ್ಲಿ ಇಡಬಾರದು. ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಹಬ್ಬದ ಮುನ್ನಾದಿನ ಎಣ್ಣೆ ಹಚ್ಚಿ ಹೊಳೆಯಿಸುವ, ವಾರ್ನಿಷ್ ಬಳಿಸುವ ಉತ್ಸಾಹದಿಂದ ಕೆಟ್ಟ ಮೂರ್ತಿಗಳಿಗೆ ಲೆಕ್ಕವಿಲ್ಲ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಕೊರೆಯುವ ಹುಳು ಒಳಗಿದೆ ಎಂದರ್ಥ. ಆಗ ಮೂರ್ತಿಯನ್ನು ಇತರ ಮರದ ಸಾಮಾನುಗಳಿಂದ ದೂರವಿಟ್ಟು, ಇಂಟ್ಯಾಕ್ ಸಂಸ್ಥೆಯ ದೆಹಲಿಯ ಸಂರಕ್ಷಣಾ ಕೇಂದ್ರದಂತಹ ತಜ್ಞರಲ್ಲಿ ಕೇಳಬೇಕು.

ಇದೆಲ್ಲಕ್ಕಿಂತ ಮುಂಚೆ ಮಾಡಬಹುದಾದ, ಖರ್ಚಿಲ್ಲದ ಕೆಲಸ ಒಂದಿದೆ. ಮನೆಯಲ್ಲಿರುವ ಅಜ್ಜಿಯನ್ನೋ ಊರಿನಲ್ಲಿರುವ ದೊಡ್ಡಪ್ಪನನ್ನೋ ಕೇಳಿ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಡಿ: ಇದು ಯಾವ ದೈವ, ಯಾವ ಸ್ಥಾನದ್ದು, ಯಾವ ಮನೆಯವರು ನಂಬಿದ್ದರು, ಯಾರು ಯಾವ ಹರಕೆಗೆ ಮಾಡಿಸಿದರು, ಕಡೆದ ಆಚಾರಿ ಯಾರು, ಕೊನೆಯ ಸೇವೆ ನಡೆದದ್ದು ಎಂದು, ಕೆಳಗಿಳಿಸಿದ್ದು ಯಾರ ಒಪ್ಪಿಗೆಯಿಂದ, ದೆಹಲಿಗೆ ಬಂದದ್ದು ಯಾವ ವರ್ಷ. ಮುಂದು, ಹಿಂದು, ತಳ ಮೂರನ್ನೂ ಛಾಯಾಚಿತ್ರ ತೆಗೆದು ಅದರೊಡನೆ ಸೇರಿಸಿ. ಹಾಳೆಯನ್ನು ಮೂರ್ತಿಗೆ ಅಂಟಿಸಬಾರದು, ಅಂಟು ಮರವನ್ನು ಕೆಡಿಸುತ್ತದೆ. ಪ್ರತ್ಯೇಕ ಲಕೋಟೆಯಲ್ಲಿಟ್ಟು ಇನ್ನೊಂದು ಪ್ರತಿಯನ್ನು ಊರಿಗೆ ಕಳುಹಿಸಿ.

ಮೆಕ್ಕೆಕಟ್ಟಿನ ಉರುಗಳನ್ನು ನೋಡಹೊರಡುವವರಿಗೆ ಒಂದು ಸೂಚನೆ: ಕರಕುಶಲ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಯಾವ ವಿಭಾಗಗಳು ತೆರೆದಿವೆ ಎಂದು ಮೊದಲೇ ವಿಚಾರಿಸಿ ಹೊರಡಿ. ಹತ್ತಿರದ ಮೆಟ್ರೋ ನಿಲ್ದಾಣ ಈಗ ಸುಪ್ರೀಂ ಕೋರ್ಟ್ ಎಂಬ ಹೆಸರಿನದು, ಹಿಂದೆ ಪ್ರಗತಿ ಮೈದಾನ ಎನ್ನುತ್ತಿದ್ದರು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಬ್ರಹ್ಮಾವರದಿಂದ ಶಿರಿಯಾರಕ್ಕೂ ಒಂದು ಸುತ್ತು ಹೋಗಿ ಬನ್ನಿ. ದೆಹಲಿಯಲ್ಲಿ ನಿಂತವರ ಜಾಗದಲ್ಲಿ ಈಗ ಯಾರು ನಿಂತಿದ್ದಾರೆಂದು ಮಕ್ಕಳೇ ಗುರುತು ಹಿಡಿಯಲಿ.